ಬೆನ್ನಿನ ಸೂಜಿ, ಇಳಿಯುವ ಬಿ.ಪಿ.

ಸಿಸೇರಿಯನ್‌ಗೆಂದು ಬೆನ್ನಿಗೆ ಇಂಜೆಕ್ಷನ್ ಕೊಟ್ಟ ಮೇಲಿನ ಹತ್ತು ನಿಮಿಷ ಅರಿವಳಿಕೆ ತಜ್ಞರ ಕಣ್ಣು ಮಾನಿಟರ್ ಬಿಟ್ಟು ಕದಲುವುದಿಲ್ಲ. ಕಾಲು ಭಾರವಾಗಿ, ಮರಗಟ್ಟುವಿಕೆ ಎದೆಯ ಮಟ್ಟಕ್ಕೆ ಏರುತ್ತಿರುವಾಗಲೇ ತಾಯಿ ‘ಹೊಟ್ಟೆ ತೊಳಸ್ತಿದೆ, ಕಣ್ಣು ಕತ್ತಲೆ ಬರ್ತಿದೆ’ ಅನ್ನುತ್ತಾಳೆ. ಎಷ್ಟೋ ಸಲ ಯಂತ್ರ ಬಿ.ಪಿ. ಕುಸಿತವನ್ನು ತೋರಿಸುವ ಮೊದಲೇ ಆಕೆಗೆ ಅದು ಗೊತ್ತಾಗಿರುತ್ತದೆ. ಕುಸಿತ ಅವಳೊಬ್ಬಳದೇ ಅಲ್ಲ. ತುಂಬು ತಿಂಗಳಲ್ಲಿ ಗರ್ಭಕೋಶಕ್ಕೆ ನಿಮಿಷಕ್ಕೆ ಸುಮಾರು 700 ಮಿಲಿಲೀಟರ್ ರಕ್ತ ಹರಿಯುತ್ತದೆ. ಮಿದುಳಿನಂತೆ ತನ್ನ ಪಾಲಿನ ರಕ್ತವನ್ನು ತಾನೇ ಸರಿದೂಗಿಸಿಕೊಳ್ಳುವ ಶಕ್ತಿ ಅದಕ್ಕಿಲ್ಲ. ತಾಯಿಯ ಬಿ.ಪಿ. ಇಳಿದಷ್ಟೂ ಮಗುವಿಗೆ ಸಿಗುವ ಆಮ್ಲಜನಕ ಇಳಿಯುತ್ತದೆ.

ಇಷ್ಟು ಸ್ಪಷ್ಟವಾದ ತೊಂದರೆಗೆ ಸರಿಯಾದ ಔಷಧ ಯಾವುದು ಎಂದು ತೀರ್ಮಾನವಾಗಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಔಷಧಗಳಿಗೆ ಬರವಿರಲಿಲ್ಲ. ಬಹುಕಾಲ ತಾಯಿಯ ಅಂಕಿಯನ್ನಷ್ಟೇ ನೋಡಿ, ಮಗುವಿನ ಸ್ಥಿತಿಯನ್ನು ಊಹೆಯಲ್ಲಿ ತೂಗಿದ್ದೇ ತಡಕ್ಕೆ ಕಾರಣ ಎಂಬುದು ನನ್ನ ಅಭಿಪ್ರಾಯ.

1898ರಲ್ಲಿ ಜರ್ಮನಿಯ ಕೀಲ್ ನಗರದಲ್ಲಿ ಆಗಸ್ಟ್ ಬಿಯರ್ ಕೊಕೇನ್ ಬಳಸಿ ಬೆನ್ನಿನ ಮೊದಲ ಅರಿವಳಿಕೆ (ಸ್ಪೈನಲ್) ಕೊಟ್ಟ. ಎರಡೇ ವರ್ಷದಲ್ಲಿ ಬಾಸೆಲ್‌ನ ಓಸ್ಕರ್ ಕ್ರೈಸ್ ಅದನ್ನು ಹೆರಿಗೆ ನೋವಿಗೆ ಪ್ರಯೋಗಿಸಿದ. ಚೀನಾದ ಮಾ ಹುವಾಂಗ್ ಗಿಡದಿಂದ ಜಪಾನಿನ ನಾಗಾಯಿ 1885ರಲ್ಲೇ ಬೇರ್ಪಡಿಸಿದ್ದ ಎಫೆಡ್ರಿನ್, 1920ರ ದಶಕದ ಕೊನೆಗೆ ಸ್ಪೈನಲ್‌ನಿಂದ ಇಳಿದ ಬಿ.ಪಿ. ಎತ್ತುವ ಔಷಧವಾಗಿ ಬಳಕೆಗೆ ಬಂತು.

1953ರಲ್ಲಿ ಹೊಸದೊಂದು ವಿವರಣೆ ಸೇರಿತು. ಹೊವರ್ಡ್ ಮತ್ತು ಸಂಗಡಿಗರು, ಅಂಗಾತ ಮಲಗಿದ ಬಸುರಿಯ ಗರ್ಭಕೋಶ ಹೊಟ್ಟೆಯೊಳಗಿನ ದೊಡ್ಡ ಅಭಿಧಮನಿಯನ್ನು ಒತ್ತಿ, ಹೃದಯಕ್ಕೆ ಮರಳುವ ರಕ್ತವನ್ನು ತಡೆಯುತ್ತದೆ ಎಂದು ತೋರಿಸಿದರು. ಅಲ್ಲಿಂದ ಎರಡು ಚಿಕಿತ್ಸೆಗಳು ಬೇರೂರಿದವು: ತಾಯಿಯನ್ನು ಎಡಕ್ಕೆ ವಾಲಿಸಿ ಮಲಗಿಸುವುದು, ಸ್ಪೈನಲ್‌ಗೆ ಮೊದಲೇ ಡ್ರಿಪ್ ಓಡಿಸಿ ರಕ್ತನಾಳ ತುಂಬಿಸುವುದು. ನ್ಯೂಯಾರ್ಕಿನ ವೋಲ್‌ಮನ್ ಮತ್ತು ಮಾರ್ಕ್ಸ್ 1968ರಲ್ಲಿ ಬರೆದ ಲೇಖನದ ನಂತರ, ಮೊದಲು ಒಂದು ಲೀಟರ್ ರಿಂಗರ್ ಲ್ಯಾಕ್ಟೇಟ್ ದ್ರಾವಣ, ಆಮೇಲೆ ಸೂಜಿ ಎಂಬ ಕ್ರಮ ಜಗತ್ತಿನ ಹೆರಿಗೆ ಆಸ್ಪತ್ರೆಗಳಲ್ಲೆಲ್ಲ ನಿಯಮದಂತೆ ನಿಂತಿತು.

1993ರಲ್ಲಿ ದಕ್ಷಿಣ ಆಫ್ರಿಕದ ರೌಟ್ ಮತ್ತು ತಂಡ ಈ ನಿಯಮವನ್ನು ಪರೀಕ್ಷಿಸಿತು. ಡ್ರಿಪ್ ಪಡೆದವರಲ್ಲಿ ಶೇ. 55 ಮಂದಿಗೆ, ಪಡೆಯದವರಲ್ಲಿ ಶೇ. 71 ಮಂದಿಗೆ ಬಿ.ಪಿ. ಕುಸಿಯಿತು. ಪ್ರಯೋಜನ ಉಂಟು, ಆದರೆ ಅರ್ಧಕ್ಕೂ ಹೆಚ್ಚು ತಾಯಂದಿರನ್ನು ಕಾಪಾಡದ ಕ್ರಮವನ್ನು ರಕ್ಷಣೆ ಎನ್ನುವುದು ಹೇಗೆ? 1999ರಲ್ಲಿ ಜಪಾನಿನ ಉಯೆಯಾಮ ಕಾರಣ ತೋರಿಸಿದರು: ಒಂದೂವರೆ ಲೀಟರ್ ರಿಂಗರ್ ಲ್ಯಾಕ್ಟೇಟ್ ಕೊಟ್ಟು ಅರ್ಧ ಗಂಟೆ ಕಳೆಯುವಷ್ಟರಲ್ಲಿ ಶೇ. 28ರಷ್ಟು ಮಾತ್ರ ರಕ್ತನಾಳದಲ್ಲಿ ಉಳಿದಿರುತ್ತದೆ. ಆದ್ದರಿಂದ ಈಗ ಡ್ರಿಪ್ಪನ್ನು ಮುಂಚೆ ಕೊಟ್ಟು ಕಾಯುವುದಿಲ್ಲ, ಸ್ಪೈನಲ್ ಕೊಟ್ಟ ಕೂಡಲೇ ವೇಗವಾಗಿ ಬಿಡುತ್ತಾರೆ.

ಔಷಧದ ಕಥೆಗೆ ಇನ್ನೂ ಸ್ವಲ್ಪ ಹೊತ್ತು ಕೊಡಬೇಕು, ಏಕೆಂದರೆ ಅಲ್ಲಿ ಒಂದು ಇಡೀ ತಲೆಮಾರು ದಾರಿ ತಪ್ಪಿತು. 1974ರಲ್ಲಿ ರಾಲ್‌ಸ್ಟನ್, ಶ್ನೈಡರ್ ಮತ್ತಿತರರು ಗಬ್ಬದ ಕುರಿಗಳಿಗೆ ನಾಲ್ಕು ಔಷಧ ಕೊಟ್ಟು ಗರ್ಭಕೋಶದ ರಕ್ತದ ಹರಿವನ್ನು ಅಳೆದರು. ಎಫೆಡ್ರಿನ್ ಹರಿವನ್ನು ಕುಗ್ಗಿಸಲಿಲ್ಲ. ರಕ್ತನಾಳಗಳನ್ನಷ್ಟೇ ಬಿಗಿಯುವ ಮೆಥಾಕ್ಸಮಿನ್ ತೀವ್ರವಾಗಿ ಕುಗ್ಗಿಸಿತು. ಅಲ್ಲಿಗೆ ಎಫೆಡ್ರಿನ್ ಸುರಕ್ಷಿತ, ರಕ್ತನಾಳ ಬಿಗಿಯುವ ಔಷಧಗಳೆಲ್ಲ ಮಗುವಿಗೆ ಅಪಾಯ ಎಂಬುದು ಪಠ್ಯಪುಸ್ತಕದ ಮಾತಾಯಿತು. ರಕ್ತನಾಳ ಬಿಗಿಯುವ ಇನ್ನೊಂದು ಔಷಧವಾದ ಫಿನೈಲೆಫ್ರಿನ್ ಆ ನಾಲ್ಕರಲ್ಲಿ ಇರಲೇ ಇಲ್ಲ. ಮೆಥಾಕ್ಸಮಿನ್‌ನ ದಾಯಾದಿ ಎಂಬ ಒಂದೇ ಕಾರಣಕ್ಕೆ ಅದನ್ನು ಸುಮಾರು ಕಾಲು ಶತಮಾನ ಹೊರಗಿಟ್ಟರು.

ಈ ನಂಬಿಕೆಯನ್ನು ಅಲುಗಾಡಿಸಿದ್ದು ಹೊಕ್ಕುಳಬಳ್ಳಿಯ ರಕ್ತ. ಹುಟ್ಟಿದ ಕೂಡಲೇ ಅದರ ಆಮ್ಲೀಯತೆ ಅಳೆದರೆ ಮಗು ಒಳಗೆ ಎಷ್ಟು ಕಷ್ಟಪಟ್ಟಿತು ಎಂಬುದಕ್ಕೆ ನೇರ ಸಾಕ್ಷಿ ಸಿಗುತ್ತದೆ. ಹಾಂಗ್‌ಕಾಂಗ್‌ನ ಲೀ, ಙಾನ್ ಕೀ ಮತ್ತು ಜಿನ್ 2002ರಲ್ಲಿ ಅಷ್ಟು ಹೊತ್ತಿಗೆ ಬಂದಿದ್ದ ಪ್ರಯೋಗಗಳನ್ನೆಲ್ಲ ಒಟ್ಟಿಗೆ ನೋಡಿದಾಗ, ಫಿನೈಲೆಫ್ರಿನ್ ಪಡೆದ ತಾಯಂದಿರ ಮಕ್ಕಳ ರಕ್ತವೇ ಹೆಚ್ಚು ಚೆನ್ನಾಗಿತ್ತು. 2009ರಲ್ಲಿ ಙಾನ್ ಕೀ ತಂಡಕ್ಕೆ ಕಾರಣ ಸಿಕ್ಕಿತು. ಎಫೆಡ್ರಿನ್ ಮಾಸನ್ನು ಸಲೀಸಾಗಿ ದಾಟುತ್ತದೆ. ಮಗುವಿನ ಕಡೆಯ ರಕ್ತದಲ್ಲೂ ತಾಯಿಯ ರಕ್ತದಲ್ಲಿರುವಷ್ಟೇ ಸಿಗುತ್ತದೆ. ಅಲ್ಲಿ ಮಗುವಿನ ದೇಹದ ದಹನಕ್ರಿಯೆಯನ್ನೇ ಏರಿಸಿ, ಆಮ್ಲಜನಕದ ಬೇಡಿಕೆಯನ್ನು ಹೆಚ್ಚಿಸುತ್ತದೆ. ಫಿನೈಲೆಫ್ರಿನ್ ದಾಟುವುದು ಬಹಳ ಕಡಿಮೆ. ಕುರಿಗಳಲ್ಲಿ ಅಳೆದದ್ದು ಸುಳ್ಳಾಗಿರಲಿಲ್ಲ, ಆದರೆ ಅಳೆಯಬೇಕಾದದ್ದು ಬೇರೆಯೇ ಆಗಿತ್ತು.

ಇದರ ಜೊತೆಗೇ ಬಿ.ಪಿ. ಕುಸಿತದ ಕಾರಣದ ತಿಳಿವಳಿಕೆಯೂ ಬದಲಾಯಿತು. ಹೃದಯದ ರಕ್ತ ಹರಿವನ್ನು ಕ್ಷಣಕ್ಷಣಕ್ಕೆ ಅಳೆಯುವ ಸಾಧನಗಳು ಬಂದಾಗ, ಸ್ಪೈನಲ್ ಆದ ಬಳಿಕ ಅನೇಕ ತಾಯಂದಿರ ಹೃದಯ ಮೊದಲಿಗಿಂತ ಹೆಚ್ಚೇ ರಕ್ತ ಹೊರಹಾಕುತ್ತಿರುವುದು ಕಂಡಿತು. ನರಗಳ ಹಿಡಿತ ತಪ್ಪಿ ಸಣ್ಣ ಅಪಧಮನಿಗಳು ಸಡಿಲವಾಗುವುದೇ ಮುಖ್ಯ ಕಾರಣ. ಕಾಲುವೆ ಅಗಲವಾದಾಗ ನೀರಿನ ಮಟ್ಟ ಇಳಿಯುವ ಹಾಗೆ. ಹಾಗಿದ್ದರೆ ನಾಳವನ್ನು ಹದವಾಗಿ ಬಿಗಿಯುವುದೇ ನೇರ ಉಪಾಯ. 2005ರಲ್ಲಿ ಙಾನ್ ಕೀ ತಂಡ ಫಿನೈಲೆಫ್ರಿನ್ನನ್ನು ಮೊದಲಿಂದಲೇ ಪಂಪಿನಲ್ಲಿ ಹರಿಸಿ, ಜೊತೆಗೆ ಡ್ರಿಪ್ಪನ್ನೂ ವೇಗವಾಗಿ ಬಿಟ್ಟಾಗ 53 ತಾಯಂದಿರಲ್ಲಿ ಒಬ್ಬಳಿಗೆ ಮಾತ್ರ ಬಿ.ಪಿ. ಕುಸಿಯಿತು. ಬಿ.ಪಿ. ಇಳಿಯದಿದ್ದರೆ ವಾಕರಿಕೆಯೂ ಕಡಿಮೆ. ಎಚ್ಚರವಾಗಿದ್ದುಕೊಂಡೇ ಮಗುವಿನ ಮೊದಲ ಅಳು ಕೇಳಲು ಕಾಯುತ್ತಿರುವವಳಿಗೆ ಅದು ಸಣ್ಣ ಲಾಭವಲ್ಲ.

ಎಡಕ್ಕೆ ವಾಲಿಸುವ ಪದ್ಧತಿಯೂ ಪರೀಕ್ಷೆಗೊಳಗಾಯಿತು. 2015ರಲ್ಲಿ ಹಿಗುಚಿ ತಂಡದ ಎಂ.ಆರ್.ಐ. ಅಧ್ಯಯನದಲ್ಲಿ 15 ಡಿಗ್ರಿ ವಾಲಿಸಿದಾಗ ಅಭಿಧಮನಿ ಅಷ್ಟಾಗಿ ತೆರೆದುಕೊಳ್ಳಲಿಲ್ಲ, 30 ಡಿಗ್ರಿಗೆ ತೆರೆಯಿತು. ಆದರೆ ಅಷ್ಟು ವಾಲಿದ ಮೇಜಿನ ಮೇಲೆ ಆಪರೇಷನ್ ಮಾಡುವುದು ಕಷ್ಟ.

ಇಷ್ಟರ ನಡುವೆ, ಎಷ್ಟು ಇಳಿದರೆ ‘ಇಳಿದಿದೆ’ ಅನ್ನಬೇಕು ಎಂಬುದರಲ್ಲೇ ಒಮ್ಮತವಿರಲಿಲ್ಲ. 2010ರಲ್ಲಿ ಕ್ಲೋರ್ ಮತ್ತು ಸಂಗಡಿಗರು 63 ಪ್ರಬಂಧಗಳಲ್ಲಿ 15 ವ್ಯಾಖ್ಯೆಗಳನ್ನು ಕಂಡರು. ಒಂದೇ ಗುಂಪಿನ ತಾಯಂದಿರಿಗೆ ಅವನ್ನು ಅನ್ವಯಿಸಿದರೆ ಕುಸಿತದ ಪ್ರಮಾಣ ಶೇ. 7.4ರಿಂದ 74.1ರವರೆಗೂ ಬರುತ್ತಿತ್ತು. 2018ರ ಅಂತರರಾಷ್ಟ್ರೀಯ ಒಮ್ಮತದ ಹೇಳಿಕೆ ಗುರಿಯನ್ನು ನಿಗದಿಪಡಿಸಿತು: ಮೇಲಿನ ಬಿ.ಪಿ.ಯನ್ನು ಮೊದಲಿದ್ದುದರ ಶೇ. 90ರ ಮೇಲೆ ಕಾಯಬೇಕು, ಶೇ. 80ಕ್ಕಿಂತ ಕೆಳಗೆ ಇಳಿಯಗೊಡಬಾರದು. ಬೀಳುವವರೆಗೆ ಕಾಯದೆ ನಿಮಿಷಕ್ಕೆ 25ರಿಂದ 50 ಮೈಕ್ರೋಗ್ರಾಂ ಫಿನೈಲೆಫ್ರಿನ್ ಶುರುಮಾಡಬೇಕು. ಈ ಔಷಧ ಹೃದಯ ಬಡಿತವನ್ನು ನಿಧಾನಿಸುವುದರಿಂದ 2015ರಿಂದೀಚೆಗೆ ನಾರ್‌ಅಡ್ರಿನಾಲಿನ್‌ನ ಪರೀಕ್ಷೆಗಳೂ ನಡೆದಿವೆ. ಅದರಲ್ಲಿ ಬಡಿತ ಅಷ್ಟು ಇಳಿಯುವುದಿಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ಹೆರಿಗೆಗಳಲ್ಲಿ ಶೇ. 21.5, ಕರ್ನಾಟಕದಲ್ಲಿ ಶೇ. 31.5 ಸಿಸೇರಿಯನ್. ನಮ್ಮ ಥಿಯೇಟರುಗಳಲ್ಲಿ ದಶಕಗಳಿಂದ ಕೈಗೆಟಕುವ ಔಷಧ ಮೆಫೆಂಟರ್ಮಿನ್; 6 ಮಿಲಿಗ್ರಾಂ ಹಾಕಿ, ಬಿ.ಪಿ. ಏರುವುದನ್ನು ನೋಡುವುದು ರೂಢಿ. ಅದು ಎಫೆಡ್ರಿನ್ ಜಾತಿಯದು, 1974ರ ಕುರಿಗಳ ಪಟ್ಟಿಯಲ್ಲೂ ಇತ್ತು. ಫಿನೈಲೆಫ್ರಿನ್ ನಮ್ಮಲ್ಲಿ ಸಾಮಾನ್ಯವಾಗಿ 10 ಮಿಲಿಗ್ರಾಂನ ಆಂಪೂಲಿನಲ್ಲಿ ಬರುತ್ತದೆ. ಒಮ್ಮೆಗೆ ಬೇಕಾದದ್ದು 50ರಿಂದ 100 ಮೈಕ್ರೋಗ್ರಾಂ, ಅಂದರೆ ಆಂಪೂಲಿನ ನೂರರಲ್ಲೊಂದು ಭಾಗ ಅಥವಾ ಅದಕ್ಕೂ ಕಡಿಮೆ. ಅವಸರದಲ್ಲಿ ಬೆರಕೆಯ ಲೆಕ್ಕ ತಪ್ಪಿದರೆ ಔಷಧವೇ ಅಪಾಯ. ತಜ್ಞರಿಲ್ಲದ ಊರುಗಳಿಗಾಗಿ ಎಂ.ಬಿ.ಬಿ.ಎಸ್. ವೈದ್ಯರಿಗೆ ಅರಿವಳಿಕೆ ತರಬೇತಿ ಕೊಡುವ ಸರ್ಕಾರಿ ಯೋಜನೆ ನಮ್ಮಲ್ಲಿದೆ. ಅಂಥ ವೈದ್ಯರ ಕೈಗೆ, ಬಳಕೆಗೆ ಸಿದ್ಧವಾಗಿ ತೆಳುಗೊಳಿಸಿದ ಸಿರಿಂಜ್, ಒಂದು ಪಂಪ್ ಮತ್ತು ನಿಮಿಷಕ್ಕೊಮ್ಮೆ ಬಿ.ಪಿ. ನೋಡುವ ಮಾನಿಟರ್ ತಲುಪಿಸುವುದು ನನ್ನ ಮಟ್ಟಿಗೆ ಮುಂದಿನ ಯಾವ ಹೊಸ ಔಷಧಕ್ಕಿಂತಲೂ ತುರ್ತಿನ ಕೆಲಸ. ಸಂಶೋಧಕರಿಗೂ ಬಾಕಿ ಉಳಿದದ್ದಿದೆ. ಮೇಲಿನ ಪ್ರಯೋಗಗಳಲ್ಲಿ ಹೆಚ್ಚಿನವು ಮೊದಲೇ ದಿನ ಗೊತ್ತುಮಾಡಿದ ಆಪರೇಷನ್‌ಗೆ ಬಂದ ಆರೋಗ್ಯವಂತ ತಾಯಂದಿರ ಮೇಲೆ ನಡೆದವು. ರಾತ್ರೋರಾತ್ರಿ ಮಗುವಿನ ಎದೆಬಡಿತ ಇಳಿದಿದೆಯೆಂದು ಥಿಯೇಟರಿಗೆ ಓಡಿಸಿಕೊಂಡು ಬಂದವಳ ವಿಷಯದಲ್ಲಿ ಅಂಥ ಪುರಾವೆ ಇನ್ನೂ ತೆಳುವಾಗಿದೆ.