ಸಾಕುಪ್ರಾಣಿಗಳ ಭೌತಚಿಕಿತ್ಸೆ

ಸಾಕುಪ್ರಾಣಿಗಳ ಭೌತಚಿಕಿತ್ಸೆ ಎಂಬುದು ಗಾಯ, ಶಸ್ತ್ರಚಿಕಿತ್ಸೆ, ನರರೋಗ ಅಥವಾ ಮುಪ್ಪಿನಿಂದ ಚಲನಶಕ್ತಿ ಕುಂದಿದ ನಾಯಿ, ಬೆಕ್ಕು ಮೊದಲಾದ ಪ್ರಾಣಿಗಳಿಗೆ ವ್ಯಾಯಾಮ, ಅಂಗಮರ್ದನ, ಶಾಖ, ಶೈತ್ಯ, ನೀರು, ವಿದ್ಯುತ್ತು ಮುಂತಾದ ಭೌತಿಕ ಸಾಧನಗಳಿಂದ ನೀಡುವ ಚಿಕಿತ್ಸೆ. ಆಡುಮಾತಿನಲ್ಲಿ ಇದನ್ನು ಪ್ರಾಣಿಗಳ ಫಿಸಿಯೋಥೆರಪಿ ಎನ್ನುವುದೇ ರೂಢಿ. ನೋವನ್ನು ತಗ್ಗಿಸುವುದು, ಕೀಲುಗಳು ಬಿಗಿದುಕೊಳ್ಳದಂತೆ ಕಾಯುವುದು, ಸೊರಗಿದ ಸ್ನಾಯುಗಳಿಗೆ ಬಲ ತುಂಬುವುದು ಮತ್ತು ನಡಿಗೆಯನ್ನು ಮತ್ತೆ ರೂಢಿಸುವುದು ಇದರ ಉದ್ದೇಶಗಳು. ಪೂರ್ತಿ ಗುಣವಾಗದ ಪ್ರಾಣಿಯು ಉಳಿದಿರುವ ಶಕ್ತಿಯಲ್ಲಿಯೇ ನೆಮ್ಮದಿಯಿಂದ ಬಾಳುವಂತೆ ಮಾಡುವ ಪುನಶ್ಚೇತನ ಕಾರ್ಯವೂ ಇದರಲ್ಲಿ ಸೇರುತ್ತದೆ. ಇದು ಔಷಧಕ್ಕಾಗಲಿ ಶಸ್ತ್ರಚಿಕಿತ್ಸೆಗಾಗಲಿ ಬದಲಿಯಲ್ಲ. ಅವುಗಳ ಜೊತೆಜೊತೆಗೆ ಸಾಗುವಂಥದು.

ಹಿಂಗಾಲುಗಳ ಸ್ವಾಧೀನ ತಪ್ಪಿದ ನಾಯಿಗೆ ದಯಾಮರಣವೊಂದೇ ದಾರಿ ಎಂಬ ಭಾವನೆ ಹಿಂದೆ ವ್ಯಾಪಕವಾಗಿತ್ತು. ಈಗಲೂ ಅದು ಪೂರ್ತಿ ಅಳಿದಿಲ್ಲ. ಆ ನಿರ್ಧಾರವನ್ನು ಕೆಲವು ವಾರಗಳ ಮಟ್ಟಿಗೆ ಮುಂದೂಡಿ, ಪ್ರಾಣಿಯ ಸ್ಥಿತಿಯನ್ನು ಗಮನಿಸಿ ತೀರ್ಮಾನಿಸಲು ಅವಕಾಶ ಒದಗಿಸಿದ್ದರಲ್ಲಿ ಈ ಚಿಕಿತ್ಸೆಯ ಪಾಲು ದೊಡ್ಡದು.

ಇತಿಹಾಸ

ಪ್ರಾಣಿಗಳ ಭೌತಚಿಕಿತ್ಸೆ ಮೊದಲು ಬೆಳೆದದ್ದು ಕುದುರೆಗಳ ಸುತ್ತ. 20ನೆಯ ಶತಮಾನದ ಮಧ್ಯಭಾಗದಲ್ಲಿ, ಬ್ರಿಟನ್ನಿನಲ್ಲಿ ಮನುಷ್ಯರ ಭೌತಚಿಕಿತ್ಸಕರಾಗಿದ್ದ ಚಾರ್ಲ್ಸ್ ಸ್ಟ್ರಾಂಗ್ ಅವರು ಸ್ನಾಯುಗಳನ್ನು ವಿದ್ಯುತ್ತಿನಿಂದ ಪ್ರಚೋದಿಸುವ ವಿಧಾನವನ್ನು ಕುದುರೆಗಳಿಗೆ ಅಳವಡಿಸಿ, ಆ ಕುರಿತು ಪುಸ್ತಕವನ್ನೂ ಬರೆದರು. 1980ರ ದಶಕದಲ್ಲಿ ಅಲ್ಲಿ ಪ್ರಾಣಿಗಳಿಗೆ ಚಿಕಿತ್ಸೆ ನೀಡುವ ಭೌತಚಿಕಿತ್ಸಕರ ಸಂಘವೊಂದು ಹುಟ್ಟಿತು. ಗಮನ ನಾಯಿಗಳ ಕಡೆ ಹರಿದದ್ದು ತರುವಾಯ. 1999ರಲ್ಲಿ ಅಮೆರಿಕದ ಆರೆಗನ್ ರಾಜ್ಯದ ಕೊರ್ವಾಲಿಸ್ ಪಟ್ಟಣದಲ್ಲಿ ಈ ವಿಷಯದ ಮೊದಲ ಅಂತರರಾಷ್ಟ್ರೀಯ ವಿಚಾರಗೋಷ್ಠಿ ನಡೆಯಿತು. ಟೆನೆಸಿ ವಿಶ್ವವಿದ್ಯಾಲಯದ ಪಶುವೈದ್ಯ ಡ್ಯಾರಿಲ್ ಮಿಲ್ಲಿಸ್ ಮತ್ತು ಭೌತಚಿಕಿತ್ಸಕ ಡೇವಿಡ್ ಲೆವಿನ್ ಮೊದಲಾದವರು ಸಂಪಾದಿಸಿದ, ನಾಯಿಗಳ ಪುನಶ್ಚೇತನವನ್ನು ಕುರಿತ ಪಠ್ಯಗ್ರಂಥ 2004ರಲ್ಲಿ ಪ್ರಕಟವಾಯಿತು. 2010ರಲ್ಲಿ ಅಮೆರಿಕದ ಪಶುವೈದ್ಯ ಸಂಘವು ಪ್ರಾಣಿಗಳ ಕ್ರೀಡಾವೈದ್ಯ ಮತ್ತು ಪುನಶ್ಚೇತನವನ್ನು ತಜ್ಞಶಾಖೆಯೆಂದು ಮಾನ್ಯ ಮಾಡಿತು.

ಚಿಕಿತ್ಸೆ ಬೇಕಾಗುವ ಸಂದರ್ಭಗಳು

ನಾಯಿಯು ನಿಂತಾಗ ದೇಹದ ಭಾರದಲ್ಲಿ ಸುಮಾರು ಶೇ. 60ರಷ್ಟನ್ನು ಮುಂಗಾಲುಗಳೂ ಶೇ. 40ರಷ್ಟನ್ನು ಹಿಂಗಾಲುಗಳೂ ಹೊರುತ್ತವೆ. ಹಿಂಗಾಲಿನಲ್ಲಿ ನೋವಿದ್ದರೆ ಪ್ರಾಣಿಯು ಭಾರವನ್ನು ಇನ್ನಷ್ಟು ಮುಂದಕ್ಕೆ ಸರಿಸಿಕೊಳ್ಳುತ್ತದೆ. ಹೀಗಾಗಿ ಹಿಂದಿನ ತೊಡೆಗಳು ಬಡವಾಗಿ ಹೆಗಲುಗಳು ಉಬ್ಬುವುದನ್ನು ಕಾಣಬಹುದು. ಕುಂಟದಿದ್ದರೂ ನೋವಿರಬಹುದು ಎಂಬುದಕ್ಕೆ ಇದೊಂದು ಗುರುತು.

ಡ್ಯಾಶ್‌ಹಂಡ್‌ನಂತಹ ಉದ್ದ ಬೆನ್ನಿನ, ಗಿಡ್ಡ ಕಾಲಿನ ತಳಿಗಳಲ್ಲಿ ಬೆನ್ನುಮೂಳೆಗಳ ನಡುವಿನ ಮೆತ್ತೆಯಂತಹ ಬಿಲ್ಲೆಗಳು ಎಳೆಯ ವಯಸ್ಸಿನಲ್ಲಿಯೇ ಗಡುಸಾಗುತ್ತವೆ. ಅಂತಹ ಬಿಲ್ಲೆಯು ಒಡೆದು ಒಳಗಿನ ಭಾಗ ಹೊರಚಿಮ್ಮಿ ಬೆನ್ನುಹುರಿಯನ್ನು ಒತ್ತಿದರೆ, ಬೆಳಿಗ್ಗೆ ಓಡಾಡುತ್ತಿದ್ದ ನಾಯಿ ಸಂಜೆಗೆ ಹಿಂಗಾಲು ಎಳೆಯತೊಡಗಬಹುದು. ಲ್ಯಾಬ್ರಡಾರ್‌ನಂತಹ ದೊಡ್ಡ ತಳಿಗಳಲ್ಲಿ ಮೊಣಕಾಲಿನ ಅಸ್ಥಿರಜ್ಜು ಹರಿಯುವುದೂ ಸೊಂಟದ ಕೀಲಿನ ಬೆಳವಣಿಗೆಯ ದೋಷವೂ ಸಾಮಾನ್ಯ. ಜರ್ಮನ್ ಶೆಫರ್ಡ್ ಮೊದಲಾದ ತಳಿಗಳಲ್ಲಿ ಇಳಿವಯಸ್ಸಿಗೆ ಬೆನ್ನುಹುರಿ ತಾನಾಗಿ ಕ್ಷಯಿಸುವ ರೋಗವೊಂದಿದ್ದು, ಇದರಲ್ಲಿ ನೋವಿಲ್ಲದೆ ಹಿಂಗಾಲುಗಳು ಮೆಲ್ಲಮೆಲ್ಲನೆ ನಿಶ್ಶಕ್ತವಾಗುತ್ತವೆ. ಭಾರತದ ನಗರಗಳಲ್ಲಿ ವಾಹನಗಳಿಗೆ ಸಿಕ್ಕು ಸೊಂಟ ಅಥವಾ ಬೆನ್ನು ಮುರಿದುಕೊಳ್ಳುವ ಬೀದಿನಾಯಿಗಳನ್ನೂ ಈ ಸಾಲಿಗೆ ಸೇರಿಸಬೇಕು.

ಬೆಕ್ಕು ನೋವನ್ನು ಮುಚ್ಚಿಡುವ ಪ್ರಾಣಿ. ಕಿಟಕಿಯ ಕಟ್ಟೆಗೆ ಹಾರುವುದನ್ನು ಬಿಟ್ಟಿತು, ಬೆನ್ನಿನ ಕೂದಲನ್ನು ನೆಕ್ಕಿಕೊಳ್ಳುತ್ತಿಲ್ಲ ಎಂಬಂತಹ ಸಣ್ಣ ಬದಲಾವಣೆಗಳೇ ಅದರ ಕೀಲುಸವೆತದ ಲಕ್ಷಣಗಳು.

ಪರೀಕ್ಷೆ

ಚಿಕಿತ್ಸೆಗೆ ಮುನ್ನ ಪಶುವೈದ್ಯರ ರೋಗನಿರ್ಣಯ ಅಗತ್ಯ. ಬಳಿಕ ನಡಿಗೆಯನ್ನು ಗಮನಿಸುತ್ತಾರೆ, ತೊಡೆಯ ಸುತ್ತಳತೆಯನ್ನು ಟೇಪಿನಿಂದಲೂ ಕೀಲು ಮಡಚುವ ಕೋನವನ್ನು ಕೋನಮಾಪಕದಿಂದಲೂ ಅಳೆದು ಬರೆದಿಡುತ್ತಾರೆ. ಪಾದವನ್ನು ಮಗುಚಿ ಎಳೆಯುವ ನಾಯಿಯ ಉಗುರುಗಳ ಮೇಲ್ಭಾಗ ಸವೆದಿರುತ್ತದೆ.

ಬೆನ್ನುಹುರಿಗೆ ಪೆಟ್ಟಾದಾಗ ಬಹು ಮುಖ್ಯವಾದುದು ಆಳದ ನೋವಿನ ಅರಿವಿನ ಪರೀಕ್ಷೆ. ವೈದ್ಯರು ಬೆರಳಿನ ಮೂಳೆಯನ್ನು ಇಕ್ಕಳದಿಂದ ಬಲವಾಗಿ ಒತ್ತುತ್ತಾರೆ. ಆಗ ನಾಯಿ ಕಾಲನ್ನು ಹಿಂದೆಳೆದುಕೊಂಡರೆ ಅರಿವು ಇದೆಯೆಂದು ಮನೆಯವರು ಸಂತೋಷಪಡುವುದುಂಟು. ಅದು ತಪ್ಪು ಗ್ರಹಿಕೆ. ಕಾಲು ಹಿಂದೆ ಸರಿಯುವುದು ಬೆನ್ನುಹುರಿಯ ಮಟ್ಟದಲ್ಲೇ ನಡೆಯುವ ಪ್ರತಿವರ್ತನೆ. ಮೆದುಳಿಗೆ ಸುದ್ದಿ ಮುಟ್ಟದೆಯೂ ಅದು ಸಾಧ್ಯ. ನಾಯಿ ತಲೆ ತಿರುಗಿಸಿ ನೋಡಿದರೆ, ಕೂಗಿದರೆ ಅಥವಾ ಕಚ್ಚಲು ಬಂದರೆ ಮಾತ್ರ ಅರಿವು ಉಳಿದಿದೆ ಎಂದರ್ಥ. ಬಿಲ್ಲೆಯ ತೊಂದರೆಗೆ ಶಸ್ತ್ರಚಿಕಿತ್ಸೆಯಾದ ನಾಯಿಗಳಲ್ಲಿ ಈ ಅರಿವು ಉಳಿದಿದ್ದವುಗಳ ಪೈಕಿ ಬಹುಪಾಲು ಮತ್ತೆ ನಡೆಯುತ್ತವೆ. ಕಳೆದುಕೊಂಡವುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಾತ್ರ.

ವಿಧಾನಗಳು

ಗಾಯವಾದ ಅಥವಾ ಶಸ್ತ್ರಚಿಕಿತ್ಸೆಯಾದ ಮೊದಲ ಎರಡು ಮೂರು ದಿನ ಬಟ್ಟೆಯಲ್ಲಿ ಸುತ್ತಿದ ಐಸನ್ನು 10ರಿಂದ 15 ನಿಮಿಷ ಇಡುತ್ತಾರೆ. ಊತ ಇಳಿದ ಮೇಲೆ ಶಾಖದ ಸರದಿ. ಊತವಿರುವಾಗಲೇ ಬಿಸಿ ಶಾಖ ಕೊಡುವುದು ರೂಢಿಯ ತಪ್ಪುಗಳಲ್ಲೊಂದು.

ಪ್ರಾಣಿಯನ್ನು ಮಗ್ಗುಲಾಗಿ ಮಲಗಿಸಿ, ಒಂದೊಂದು ಕೀಲನ್ನೂ ನೋವಾಗದಷ್ಟು ಮಡಚಿ ಬಿಡಿಸುವುದು ಚಿಕಿತ್ಸಕರೇ ಮಾಡಿಸುವ ವ್ಯಾಯಾಮ. ಒಮ್ಮೆಗೆ 10–15 ಸಲದಂತೆ ದಿನಕ್ಕೆ ಎರಡು ಮೂರು ಬಾರಿ ಇದನ್ನು ನಡೆಸುತ್ತಾರೆ. ಇದರಿಂದ ಸ್ನಾಯು ಬೆಳೆಯುವುದಿಲ್ಲ, ಆದರೆ ಕೀಲು ಬಿಗಿಯುವುದಿಲ್ಲ. ಸ್ನಾಯು ಬೆಳೆಯಲು ಪ್ರಾಣಿಯೇ ಶ್ರಮಿಸಬೇಕು. ಕುಳಿತು ಏಳಿಸುವುದು, ನೆಲದಿಂದ ತುಸು ಎತ್ತರದಲ್ಲಿಟ್ಟ ಕೋಲುಗಳನ್ನು ದಾಟಿಸುವುದು, ಇಳಿಜಾರಿನಲ್ಲಿ ನಿಧಾನವಾಗಿ ಹತ್ತಿಸುವುದು, ಅಲುಗಾಡುವ ಹಲಗೆಯ ಮೇಲೆ ನಿಲ್ಲಿಸುವುದು ಇದಕ್ಕಾಗಿಯೇ.

ಜಲಚಿಕಿತ್ಸೆಯಲ್ಲಿ ಗಾಜಿನ ತೊಟ್ಟಿಯೊಳಗೆ ಟ್ರೆಡ್‌ಮಿಲ್ ಇರಿಸಿ, ಉಗುರುಬೆಚ್ಚಗಿನ ನೀರು ತುಂಬಿ ನಾಯಿಯನ್ನು ನಡೆಸುತ್ತಾರೆ. ನೀರು ದೇಹದ ಭಾರವನ್ನು ತಾನು ಹೊತ್ತುಕೊಳ್ಳುತ್ತದೆ. ನಾಯಿಗಳ ಮೇಲೆ ನಡೆಸಿದ ಅಳತೆಗಳಂತೆ, ನೀರು ಹಿಂಗಾಲಿನ ಹಿಮ್ಮಡಿಯ ಕೀಲಿನವರೆಗಿದ್ದಾಗ ಕಾಲುಗಳ ಮೇಲೆ ಬೀಳುವ ಭಾರ ದೇಹತೂಕದ ಶೇ. 91, ಮೊಣಕಾಲಿನವರೆಗಿದ್ದರೆ ಶೇ. 85, ಸೊಂಟದವರೆಗೆ ಏರಿಸಿದರೆ ಶೇ. 38 ಮಾತ್ರ. ಮೊಣಕಾಲಿನಿಂದ ಸೊಂಟಕ್ಕೆ ಏರುವಾಗ ಆಗುವ ಈ ದೊಡ್ಡ ಇಳಿತದಿಂದಾಗಿ ನೀರಿನ ಮಟ್ಟವನ್ನು ಎಚ್ಚರಿಕೆಯಿಂದ ನಿಗದಿಪಡಿಸಬೇಕಾಗುತ್ತದೆ. ಈಜಾಟ ಇದಕ್ಕೆ ಸಮವಲ್ಲ. ಈಜುವಾಗ ಹೆಚ್ಚಿನ ಕೆಲಸವನ್ನು ಮುಂಗಾಲುಗಳೇ ಮಾಡಿ ಸೊರಗಿದ ಹಿಂಗಾಲುಗಳು ತೇಲುತ್ತ ಹಿಂಬಾಲಿಸುವುದುಂಟು. ತೆರೆದ ಗಾಯ, ಜ್ವರ, ಭೇದಿ ಇರುವ ಪ್ರಾಣಿಯನ್ನು ನೀರಿಗೆ ಇಳಿಸಬಾರದು.

ವಿದ್ಯುತ್ ಪ್ರಚೋದನೆ, ಲೇಸರ್, ಶ್ರವಣಾತೀತ ಧ್ವನಿತರಂಗಗಳ ಬಳಕೆಯೂ ಇದೆ. ಗೆಡ್ಡೆ ಇರುವ ಜಾಗಕ್ಕೆ ಲೇಸರ್ ಅಥವಾ ಧ್ವನಿತರಂಗಗಳನ್ನು ಹಾಯಿಸುವುದಿಲ್ಲ.

ಮನೆಯ ಆರೈಕೆ

ವಾರಕ್ಕೆ ಎರಡು ಬಾರಿ ಚಿಕಿತ್ಸಾಲಯಕ್ಕೆ ಕರೆದೊಯ್ದರೂ ಉಳಿದ ಸಮಯವನ್ನು ಪ್ರಾಣಿ ಕಳೆಯುವುದು ಮನೆಯಲ್ಲಿ. ಹೀಗಾಗಿ ಚಿಕಿತ್ಸೆಯ ಭಾರ ಬೀಳುವುದು ಮನೆಯವರ ಮೇಲೆ. ನುಣುಪಾದ ಟೈಲ್ಸ್, ಗ್ರಾನೈಟ್ ನೆಲಗಳು ದುರ್ಬಲ ಕಾಲಿನ ನಾಯಿಗೆ ಶತ್ರುವಿದ್ದಂತೆ. ಅದು ಓಡಾಡುವ ದಾರಿಗೆ ರಬ್ಬರಿನ ಚಾಪೆ ಅಥವಾ ಜಮಖಾನ ಹಾಸುವುದು ಅತ್ಯಂತ ಅಗ್ಗದ, ಅಷ್ಟೇ ಉಪಯುಕ್ತವಾದ ಕ್ರಮ. ಉದ್ದನೆಯ ಟವೆಲನ್ನು ಹೊಟ್ಟೆಯ ಕೆಳಗೆ ಜೋಲಿಯಂತೆ ಹಿಡಿದು ನಡೆಸಬಹುದು. ಏಳಲಾಗದ ಪ್ರಾಣಿಯನ್ನು ನಾಲ್ಕಾರು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಒತ್ತುಹುಣ್ಣುಗಳಾಗುತ್ತವೆ. ಮೂತ್ರದ ಹತೋಟಿ ತಪ್ಪಿದ್ದರೆ ದಿನಕ್ಕೆ ಮೂರು ನಾಲ್ಕು ಬಾರಿ ಹೊಟ್ಟೆಯನ್ನು ಮೃದುವಾಗಿ ಒತ್ತಿ ಮೂತ್ರಕೋಶವನ್ನು ಬರಿದುಮಾಡಬೇಕು. ಇದನ್ನು ವೈದ್ಯರ ಎದುರಿಗೇ ಕೈಯಾರೆ ಕಲಿಯುವುದು ಕ್ಷೇಮ. ಮೂತ್ರ ತಾನಾಗಿ ತೊಟ್ಟಿಕ್ಕುತ್ತಿದ್ದರೆ ಕೋಶ ಖಾಲಿಯಾಗಿದೆ ಎಂದು ಭಾವಿಸಬಾರದು, ತುಂಬಿ ಸುರಿಯುತ್ತಿರಬಹುದು.

ಮನುಷ್ಯರ ನೋವಿನ ಮಾತ್ರೆಗಳನ್ನು ಕೊಡಲೇಬಾರದು. ಪ್ಯಾರಾಸಿಟಮಾಲ್ ಬೆಕ್ಕಿಗೆ ಪ್ರಾಣಾಂತಕ; ಐಬುಪ್ರೊಫೇನ್ ನಾಯಿಯ ಹೊಟ್ಟೆ ಮತ್ತು ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಮೈತೂಕ ಇಳಿಸುವುದೂ ಚಿಕಿತ್ಸೆಯೇ. ಕೀಲುಸವೆತವಿರುವ ಸ್ಥೂಲಕಾಯದ ನಾಯಿಗಳಲ್ಲಿ ತೂಕ ಇಳಿದೊಡನೆ ಕುಂಟು ತಗ್ಗುವುದು ಅಧ್ಯಯನಗಳಿಂದ ತಿಳಿದುಬಂದಿದೆ.

ನಡೆಯಲಾಗದ ನಾಯಿಗೆ ಹಿಂಭಾಗವನ್ನು ಎತ್ತಿಹಿಡಿಯುವ ಎರಡು ಗಾಲಿಯ ಬಂಡಿಯನ್ನು ಕಟ್ಟುತ್ತಾರೆ. ಇದು ಹಗಲಿನಲ್ಲಿ ಸ್ವಲ್ಪ ಹೊತ್ತಿನ ಓಡಾಟಕ್ಕೆ ಮಾತ್ರ. ಬಂಡಿಯಲ್ಲಿರುವಾಗ ನಾಯಿ ಮಲಗಲಾರದು. ಅಳತೆ ತಪ್ಪಿದ ಬಂಡಿ ಚರ್ಮವನ್ನು ಉಜ್ಜಿ ಹುಣ್ಣು ಮಾಡುತ್ತದೆ.

ಪರಿಣಾಮ ಮತ್ತು ಮಿತಿಗಳು

ಚಿಕಿತ್ಸೆಯ ಜನಪ್ರಿಯತೆ ಬೆಳೆದಷ್ಟು ವೇಗವಾಗಿ ಪುರಾವೆಗಳು ಬೆಳೆದಿಲ್ಲ. ಬೆನ್ನುಹುರಿ ಕ್ಷಯಿಸುವ ರೋಗವಿದ್ದ 22 ನಾಯಿಗಳನ್ನು ಕುರಿತು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತೀವ್ರ ಭೌತಚಿಕಿತ್ಸೆ ಪಡೆದವು ಸರಾಸರಿ 255 ದಿನ, ಮಧ್ಯಮ ಪ್ರಮಾಣದಲ್ಲಿ ಪಡೆದವು 130 ದಿನ, ಪಡೆಯದವು 55 ದಿನ ಬದುಕಿದ್ದವು. ವ್ಯತ್ಯಾಸವೇನೋ ದೊಡ್ಡದು. ಆದರೆ ನಾಯಿಗಳನ್ನು ಚೀಟಿ ಎತ್ತಿದಂತೆ ಗುಂಪು ಮಾಡಿರಲಿಲ್ಲ. ಹೆಚ್ಚು ಶ್ರಮಿಸಲು ಸಿದ್ಧರಿದ್ದ ಮನೆಯವರು ದಯಾಮರಣದ ನಿರ್ಧಾರವನ್ನೂ ತಡಮಾಡಿರಬಹುದು ಎಂಬ ಸಂದೇಹಕ್ಕೆ ಎಡೆಯಿದೆ. ಅತ್ತ, 2018ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಬಿಲ್ಲೆಯ ಶಸ್ತ್ರಚಿಕಿತ್ಸೆಯಾದ, ಅರಿವು ಉಳಿದಿದ್ದ ನಾಯಿಗಳನ್ನು ಯಾದೃಚ್ಛಿಕವಾಗಿ ವಿಂಗಡಿಸಲಾಗಿತ್ತು. ಬೇಗನೆ ಆರಂಭಿಸಿದ ತೀವ್ರ ಪುನಶ್ಚೇತನವು ಸುರಕ್ಷಿತವೆಂದು ಕಂಡುಬಂದರೂ, ಸರಳ ವ್ಯಾಯಾಮಗಳಷ್ಟನ್ನೇ ಪಡೆದ ನಾಯಿಗಳಿಗಿಂತ ಅವು ಬೇಗ ಚೇತರಿಸಿಕೊಳ್ಳಲಿಲ್ಲ. ದುಬಾರಿ ಯಂತ್ರಗಳಿಲ್ಲದ ಊರಿನವರಿಗೆ ಈ ಫಲಿತಾಂಶ ಸಮಾಧಾನ ತರಬಲ್ಲದು.

ಆಳದ ನೋವಿನ ಅರಿವು ಮರಳದ ಕೆಲವು ನಾಯಿಗಳು ವಾರಗಳ, ತಿಂಗಳುಗಳ ನಂತರ ಮೆದುಳಿನ ನೆರವಿಲ್ಲದೆ ಕೇವಲ ಪ್ರತಿವರ್ತನೆಯಿಂದ ತಟ್ಟಾಡುತ್ತ ನಡೆಯುವುದುಂಟು. ಅವುಗಳಿಗೆ ಮಲಮೂತ್ರದ ಹತೋಟಿ ಸಾಮಾನ್ಯವಾಗಿ ಬರುವುದಿಲ್ಲ. ಹುಣ್ಣುಗಳು ಮಾಯದಿದ್ದರೆ, ನೋವು ಹಿಡಿತಕ್ಕೆ ಸಿಗದಿದ್ದರೆ, ಪ್ರಾಣಿಯು ಆಹಾರದಲ್ಲೂ ಒಡನಾಟದಲ್ಲೂ ಆಸಕ್ತಿ ಕಳೆದುಕೊಂಡರೆ ಚಿಕಿತ್ಸೆಯನ್ನು ಮುಂದುವರಿಸುವುದು ಹಿಂಸೆಯೇ ಆದೀತು.

ಭಾರತದಲ್ಲಿ

ಭಾರತದಲ್ಲಿ ಪಶುವೈದ್ಯ ವೃತ್ತಿಯು 1984ರ ಭಾರತೀಯ ಪಶುವೈದ್ಯ ಪರಿಷತ್ ಅಧಿನಿಯಮಕ್ಕೆ ಒಳಪಟ್ಟಿದೆ. ಮನುಷ್ಯರ ಭೌತಚಿಕಿತ್ಸೆಯ ಪದವಿಯೊಂದರಿಂದಲೇ ಪ್ರಾಣಿಗಳ ರೋಗನಿರ್ಣಯ ಮಾಡುವ ಅಧಿಕಾರ ಬರುವುದಿಲ್ಲ. ಬೆಂಗಳೂರು, ಮುಂಬಯಿ, ದೆಹಲಿ ಮುಂತಾದ ಮಹಾನಗರಗಳಲ್ಲಿ ಜಲಚಿಕಿತ್ಸೆಯ ಸೌಕರ್ಯವುಳ್ಳ ಖಾಸಗಿ ಕೇಂದ್ರಗಳಿವೆ. ಕರ್ನಾಟಕದಲ್ಲಿ ಪಶುವೈದ್ಯ ಶಿಕ್ಷಣವು ಬೀದರಿನ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಅಧೀನದಲ್ಲಿದ್ದು, ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಅದರಲ್ಲಿ ಹಳೆಯದು. ತಾಲ್ಲೂಕು ಮಟ್ಟದ ಪಶು ಆಸ್ಪತ್ರೆಗಳ ಹೆಚ್ಚಿನ ಕೆಲಸ ಹಸು, ಎಮ್ಮೆ, ಕುರಿ, ಮೇಕೆಗಳಿಗೆ ಸಂಬಂಧಿಸಿದ್ದು. ಆದ್ದರಿಂದ ಸಣ್ಣ ಊರುಗಳಲ್ಲಿ ಸ್ವಾಧೀನ ತಪ್ಪಿದ ನಾಯಿಗೆ ದೊರೆಯುವ ಭೌತಚಿಕಿತ್ಸೆಯೆಂದರೆ, ವೈದ್ಯರು ತೋರಿಸಿಕೊಟ್ಟ ನಾಲ್ಕಾರು ವ್ಯಾಯಾಮಗಳನ್ನು ಮನೆಯವರು ದಿನವೂ ಮಾಡಿಸುವುದೇ ಆಗಿದೆ.