ಗಾಜಿನ ಗೂಡಿನ ಅರಸೊತ್ತಿಗೆ

ಕುಡತಿನಿಯ ಬೂದಿದಿಬ್ಬವನ್ನು ನೆನೆದಾಗಲೆಲ್ಲ ಸಾಕುವುದೆಂದರೇನು ಎಂಬ ಪ್ರಶ್ನೆ ನನ್ನಲ್ಲಿ ಏಳುತ್ತದೆ. ನವಶಿಲಾಯುಗದ ಗೋಪಾಲಕರು ದನಗಳನ್ನು ಕೂಡಿಹಾಕಿದ ತಾಣದಲ್ಲಿ ಸಗಣಿ ಸುಟ್ಟುಳಿದ ಗುರುತು ಅದು. ಅವರು ಬದುಕಿಗಾಗಿ ಸಾಕಿದರು. ಅರಿವಿಗಾಗಿ ಸಾಕಿದವರೂ ಉಂಟು. ಇಂಗ್ಲೆಂಡಿನ ಜಾನ್ ಲಬ್ಬಕ್ ಗಾಜಿನ ಫಲಕಗಳ ನಡುವೆ ಮಣ್ಣು ತುಂಬಿ ಇರುವೆಗಳನ್ನು ಸಾಕಿದರು. 1882ರಲ್ಲಿ ಗ್ರಂಥವನ್ನೇ ಬರೆದರು. ಅವರ ಆರೈಕೆಯಲ್ಲಿ ಒಂದು ರಾಣಿಯಿರುವೆ ಸುಮಾರು 15 ವರ್ಷ ಬಾಳಿತು.

ನಮ್ಮ ಜೋಗದ ಸೀಮೆಯ ನೆಗೆಯುವ ಇರುವೆಯ ಕಥೆ ಇನ್ನೂ ಸೋಜಿಗದ್ದು. ಜೆರ್ಡನ್ 1851ರಲ್ಲಿ ವರ್ಣಿಸಿದ ಈ ಜಾತಿಯನ್ನು 1990ರ ದಶಕದಲ್ಲಿ ಕರ್ನಾಟಕದಿಂದ ಒಯ್ದು ಹೊರನಾಡಿನ ಪ್ರಯೋಗಾಲಯಗಳಲ್ಲಿ ಸಾಕಿದರು. ಪ್ಲಾಸ್ಟರಿನ ಗೂಡು, ಜೀವಂತ ಕೀಟಗಳ ಆಹಾರ. ರಾಣಿ ಇಲ್ಲವಾದರೆ ಕೆಲಸದ ಇರುವೆಗಳು ಕುಡಿಮೀಸೆಗಳಿಂದ ಸೆಣಸುತ್ತವೆ. ಗೆದ್ದ ಕೆಲವು ಮೊಟ್ಟೆಯಿಡತೊಡಗುತ್ತವೆ. ತಿಂಗಳುಗಳ ಆಯುಷ್ಯ ವರ್ಷಗಳಿಗೆ ಹಿಗ್ಗುತ್ತದೆ, ಮಿದುಳು ಮಾತ್ರ ಕುಗ್ಗುತ್ತದೆ. ಪಟ್ಟ ತಪ್ಪಿಸಿದರೆ ಮಿದುಳು ಮರಳಿ ಬೆಳೆಯುವುದೆಂದು 2021ರಲ್ಲಿ ತಿಳಿದುಬಂತು.

ಅರಸುತನ ಹುಟ್ಟಿನಿಂದಲೇ ಬರುವುದೆಂದು ಬಹುಕಾಲ ನಂಬಿದ್ದ ನಮಗೆ ಇದು ಸಣ್ಣ ಪಾಠವಲ್ಲ. ದನ ಸಾಕಿದವರು ಬೂದಿಯನ್ನು ಬಿಟ್ಟುಹೋದರು. ಇರುವೆ ಸಾಕಿದವರು ಈ ಪಾಠವನ್ನು ಉಳಿಸಿದ್ದಾರೆ.