ಹುಲ್ಲು ಬೆರೆತ ಗೋಡೆಯಿಂದ ಹಂಸದವರೆಗೆ

ಶಿರಾ ತಾಲ್ಲೂಕಿನ ಮದಲೂರಿನಂಥ ಬಯಲುಸೀಮೆಯ ಊರುಗಳಲ್ಲಿ ಹಿಂದೆ ಗೋಡೆಯ ಕೆಸರಿಗೆ ಹುಲ್ಲು ಬೆರೆಸಿ, ಚೆನ್ನಾಗಿ ತುಳಿದು, ಹದಕ್ಕೆ ಬರಲು ಬಿಡುತ್ತಿದ್ದರು. ಮಣ್ಣು ಭಾರ ಹೊರುತ್ತದೆ, ನಿಜ. ಆದರೆ ಒಣಗುವಾಗ ಬಿರಿಯುತ್ತದೆ. ಆ ಬಿರುಕು ಬಾಯಿಬಿಡದಂತೆ ಹುಲ್ಲಿನ ಎಳೆ ಅಡ್ಡಲಾಗಿ ಹಿಡಿದುಕೊಳ್ಳುತ್ತದೆ. ಬಿದಿರಿನ ಕಣಜಕ್ಕೆ ಸಗಣಿ ಮೆತ್ತುವುದರಲ್ಲೂ ಇದೇ ಜಾಣ್ಮೆ.

ಎಳೆತ ತಾಳುವುದು ನಾರು. ನಾರನ್ನು ಕಟ್ಟಿಹಾಕುವುದು ಅಂಟು.

ಇದೇ ತತ್ವ ಹಿಡಿದು, 1959ರಲ್ಲಿ ಸ್ಥಾಪನೆಯಾಗಿ ಬಳಿಕ ಬೆಂಗಳೂರಿಗೆ ಬಂದ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್, ಕೆಸರಿನ ಜಾಗಕ್ಕೆ ರೆಸಿನ್ ಎಂಬ ಅಂಟು, ಹುಲ್ಲಿನ ಜಾಗಕ್ಕೆ ಗಾಜಿನ ನಾರು ತಂದು ‘ಹಂಸ’ ತರಬೇತಿ ವಿಮಾನ ಕಟ್ಟಿತು. ಅದು ಮೊದಲು ಹಾರಿದ್ದು 1993ರಲ್ಲಿ.

ನಾರಿನ ಈ ಬಲದ ಪರೀಕ್ಷೆ ಮನೆಯಲ್ಲೂ ಸಾಧ್ಯ. ನಾರು ಹಾಕಿದ, ಹಾಕದ ಎರಡು ಸಮಗಾತ್ರದ ರೆಸಿನ್ ಪಟ್ಟಿ ಎರಕಹೊಯ್ದು, ತುದಿಗಳಿಗೆ ಆಸರೆ ಕೊಟ್ಟು, ನಡುವೆ ತೂಕ ತೂಗಿಬಿಟ್ಟು, ಯಾವುದು ಮೊದಲು ಮುರಿಯುತ್ತದೆ ನೋಡಿ. ರೆಸಿನ್ ಮುಟ್ಟುವಾಗ ಕೈಗವಸು ಮರೆಯಬೇಡಿ.